ಶಲ್ ಎಂಬ ಸಾಲ

ಹುಡುಗನಾಗಿದ್ದಾಗ ನನ್ನನ್ನು ಬಹುವಾಗಿ ಕಾಡಿದವು ಎರಡು. ಒಂದು, ಹಿತ್ತಲ ಹುಣಿಸೆಯ ಮರದ ದೆವ್ವ. ಇನ್ನೊಂದು, ಇಂಗ್ಲಿಷ್ ವ್ಯಾಕರಣದ ‘ಶಲ್’ ಮತ್ತು ‘ವಿಲ್’. ದೆವ್ವದ ಕಾಟ ಮೀಸೆ ಮೂಡುವ ಹೊತ್ತಿಗೆ ಬಿಟ್ಟಿತು. ಇನ್ನೊಂದರದು ಎಪ್ಪತ್ತೈದರ ಈ ಇಳಿವಯಸ್ಸಿನಲ್ಲಿಯೂ ಬಿಟ್ಟಿಲ್ಲ.

ಹೈಸ್ಕೂಲಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರಿಗೆ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣ ಕಂಠಪಾಠವಾಗಿತ್ತು. ‘ನಾನು’, ‘ನಾವು’ ಎಂದು ಉತ್ತಮಪುರುಷದಲ್ಲಿ ನುಡಿಯುವಾಗ, ಮುಂದೆ ಆಗಲಿರುವುದನ್ನು ಬರಿದೇ ತಿಳಿಸುವುದಾದರೆ ‘ಶಲ್’. ಸಂಕಲ್ಪವನ್ನೋ ವಚನವನ್ನೋ ಹೇಳುವುದಾದರೆ ‘ವಿಲ್’. ‘ನೀನು’, ‘ಅವನು’ ಎನ್ನುವೆಡೆ ಇದೆಲ್ಲವೂ ತಲೆಕೆಳಗು. ಇದಕ್ಕೆ ಮೇಷ್ಟ್ರು ಒಂದು ಹಳೆಯ ಕಥೆ ಹೇಳುತ್ತಿದ್ದರು. ಇಂಗ್ಲೆಂಡಿನಲ್ಲಿ ಪರದೇಶಿಯೊಬ್ಬನು ಹೊಳೆಗೆ ಬಿದ್ದು, “ಐ ವಿಲ್ ಡ್ರೌನ್, ನೋಬಡಿ ಶಲ್ ಸೇವ್ ಮಿ” ಎಂದು ಕೂಗಿಕೊಂಡನಂತೆ. ಮುಳುಗಿಹೋಗುತ್ತಿದ್ದೇನೆ, ಕಾಪಾಡುವವರಿಲ್ಲ ಎಂಬುದು ಪಾಪ, ಅವನ ಅಳಲು. ದಡದಲ್ಲಿದ್ದವರ ಕಿವಿಗೆ ಬಿದ್ದ ಅರ್ಥವೇ ಬೇರೆ: ‘ಮುಳುಗಿಯೇ ತೀರುತ್ತೇನೆ, ಯಾರೂ ನನ್ನನ್ನು ಕಾಪಾಡಕೂಡದು!’ ಸರಿ, ಅವನ ಇಷ್ಟದಂತೆಯೇ ಆಗಲೆಂದು ಅವರು ಟೋಪಿ ತೆಗೆದು ನಿಂತರಂತೆ. ನಾವು ಗೊಳ್ಳೆಂದು ನಕ್ಕೆವು. “ನಗಬೇಡಿರೋ, ಪರೀಕ್ಷೆಯಲ್ಲಿ ಮುಳುಗುವವರು ನೀವು” ಎಂದರು ಮೇಷ್ಟ್ರು.

ಓದು ಮುಗಿಸಿ ನಾನು ಮುಂಬಯಿಯಲ್ಲಿ ಗುಮಾಸ್ತನಾದೆ. ಮೊದಲ ಸಂಬಳ ಕೈಸೇರಿದ ದಿನ ಮೇಷ್ಟ್ರಿಗೆ ಇಂಗ್ಲಿಷಿನಲ್ಲಿಯೇ ಪತ್ರ ಬರೆದೆ. ದಸರೆಗೆ ಬಂದು ತಮ್ಮ ಪಾದಕ್ಕೆ ನಮಸ್ಕರಿಸುತ್ತೇನೆಂದು ತಿಳಿಸುವಾಗ, ತಪ್ಪಾದೀತೆಂಬ ಎಚ್ಚರದಿಂದ ‘ಐ ಶಲ್ ಕಮ್’ ಎಂದೇ ಬರೆದಿದ್ದೆ. ವಾರದೊಳಗೆ ಅವರ ಕಾರ್ಡು ಬಂದಿತು: “ಆಶೀರ್ವಾದಗಳು. ವ್ಯಾಕರಣ ಶುದ್ಧವಾಗಿದೆ. ಆದರೆ ನೀನು ಕೊಟ್ಟಿರುವುದು ಸಮಾಚಾರವಯ್ಯಾ, ಭಾಷೆಯಲ್ಲ. ಬರುವುದು ಖಂಡಿತವಾದರೆ ‘ವಿಲ್’ ಎಂದು ಬರೆ. ಮನೆಯಲ್ಲಿ ನಿನಗಾಗಿ ಕೋಡುಬಳೆ ಮಾಡಬೇಕೆಂದಿದ್ದಾರೆ.”

ದಸರೆಗೆ ನನಗೆ ರಜೆ ದೊರೆಯಲಿಲ್ಲ. ನಿಜ ಹೇಳಬೇಕೆಂದರೆ, ನಾನು ಕೇಳಲೇ ಇಲ್ಲ. ಹೊಸ ಊರು, ಹೊಸ ಗೆಳೆಯರು, ಸಂಕ್ರಾಂತಿಗೆ ಹೋದರಾಯಿತೆಂದುಕೊಂಡೆ. ಕಾರ್ಡಿಗೆ ಉತ್ತರವನ್ನೂ ಬರೆಯಲಿಲ್ಲ. ಸಂಕ್ರಾಂತಿಗೆ ಮೊದಲೇ ಮೇಷ್ಟ್ರು ತೀರಿಕೊಂಡರು. ಭಾಷೆಯನ್ನಂತೂ ಕೊಟ್ಟಿರಲಿಲ್ಲ, ಬರಿಯ ‘ಶಲ್’ ತಾನೆ ಎಂದು ಬಹುಕಾಲ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ನಿವೃತ್ತನಾದ ಮೇಲೆ ಈ ನಿಯಮದ ಮೂಲವನ್ನು ಹುಡುಕುವ ಚಪಲ ಹುಟ್ಟಿತು. ಇದನ್ನು ಮೊದಲು ವಿಧಿಸಿದವನು ಜಾನ್ ವಾಲಿಸ್. ಆಕ್ಸ್‌ಫರ್ಡಿನಲ್ಲಿ ರೇಖಾಗಣಿತದ ಪ್ರಾಧ್ಯಾಪಕ. 1653ರಲ್ಲಿ ಅವನು ಲ್ಯಾಟಿನ್ನಿನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ, ಪರದೇಶಿಗಳಿಗೆ ಇದು ಕಷ್ಟವೆಂದೇ ಬಿಡಿಸಿ ಹೇಳಿದ್ದಾನೆ. 1906ರಲ್ಲಿ ಫೌಲರ್ ಸೋದರರು ಪುಟಗಟ್ಟಲೆ ವಿವರಿಸಿ, ದಕ್ಷಿಣ ಇಂಗ್ಲೆಂಡಿನವರಿಗೆ ಇದು ಸಹಜವಾಗಿ ಒಲಿದದ್ದು, ಉಳಿದವರಿಗೆ ದಕ್ಕುವುದು ದುರ್ಲಭ ಎಂದರು. 1925ರಲ್ಲಿ ಅಮೆರಿಕದ ಚಾರ್ಲ್ಸ್ ಫ್ರೀಸ್ ಎಂಬ ವಿದ್ವಾಂಸನು ನಾಟಕಗಳ ಮಾತುಗಳನ್ನು ಎಣಿಸಿ ನೋಡಿದಾಗ, ಆಡುವವರು ಆ ನಿಯಮದಂತೆ ಆಡುತ್ತಿರಲೇ ಇಲ್ಲವೆಂಬುದು ಕಂಡುಬಂದಿತು. ಇದನ್ನೋದಿ ನಕ್ಕೆ.

ಆದರೆ ಇನ್ನೂ ಹಿಂದಕ್ಕೆ ಹೋದಾಗ ನಗೆ ನಿಂತಿತು. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಭವಿಷ್ಯತ್ಕಾಲಕ್ಕೆ ಬೇರೆ ರೂಪವೇ ಇರಲಿಲ್ಲ. ನಾವು ‘ನಾಳೆ ಬರುತ್ತೇನೆ’ ಎನ್ನುವಂತೆ ವರ್ತಮಾನದಲ್ಲಿಯೇ ಅವರೂ ಹೇಳಿ ಮುಗಿಸುತ್ತಿದ್ದರು. ಆಗ ‘ವಿಲ್’ ಎಂದರೆ ಬಯಸು ಎಂದರ್ಥ. ‘ಶಲ್’ ಎಂದರೆ ಸಾಲಗಾರನಾಗಿರು ಎಂದರ್ಥ. ಲೂಕನ ಸುವಾರ್ತೆಯಲ್ಲಿ ಪಾರುಪತ್ಯಗಾರನು ಸಾಲಗಾರರನ್ನು ಕರೆದು ‘ನಿನ್ನ ಸಾಲವೆಷ್ಟು?’ ಎಂದು ಕೇಳುವೆಡೆ, ಹಳೆಯ ಇಂಗ್ಲಿಷ್ ಅನುವಾದದಲ್ಲಿರುವುದು ಇದೇ ಕ್ರಿಯಾಪದ. ಸಾಲಕ್ಕೆ ಜರ್ಮನರು ಹೇಳುವ ‘ಶುಲ್ಡ್’ ಇದರ ಬಂಧು. ಸಾಲವಿದೆ ಎಂಬುದರಿಂದ ತೀರಿಸತಕ್ಕದ್ದಿದೆ ಎಂದಾಗಿ, ಕ್ರಮೇಣ ಸವೆದು, ಮಾಡುವೆನು ಎಂಬಷ್ಟೇ ಅರ್ಥ ಉಳಿಯಿತು.

ಹಾಗಾದರೆ ನಾನು ಮೇಷ್ಟ್ರಿಗೆ ಬರೆದುಕೊಟ್ಟದ್ದೇನು? ಬರುವ ಸಾಲ ನನ್ನ ಮೇಲಿದೆ ಎಂದು! ಬರಿಯ ‘ಶಲ್’ ಎಂದುಕೊಂಡು ನಾನು ಅಷ್ಟು ವರ್ಷ ಹೇಳಿಕೊಂಡ ಸಮಾಧಾನ ಅಂದಿಗೆ ಮುಗಿಯಿತು. ಸಾಲ ಕೊಟ್ಟವರು ಇಲ್ಲ; ತೀರಿಸುವುದು ಯಾರಿಗೆ?

ಈಗ ದೂರದ ಊರಿನಿಂದ ಮೊಮ್ಮಗ ಫೋನು ಮಾಡಿ, “ತಾತ, ಹಬ್ಬಕ್ಕೆ ಬರ್ತೀನಿ” ಎನ್ನುತ್ತಾನೆ. ಅದು ‘ಶಲ್ಲೋ’ ‘ವಿಲ್ಲೋ’ ಎಂದು ನಾನು ಕೇಳುವುದಿಲ್ಲ. “ಟಿಕೆಟ್ಟು ಕೊಂಡೆಯೇನಪ್ಪಾ?” ಎಂದು ಮಾತ್ರ ಕೇಳುತ್ತೇನೆ.