ಅಸುಂಡಿಯ ಮಾಸ್ತರಿಗೆ ಟ್ಯಾಬ್ ಹುಡುಕಿದ್ದು

ಹೆಸರು ಕಾಳು ಮಾರಿದ ರೊಕ್ಕ ಕೈಗೆ ಬಂದ ವಾರ ಅಸುಂಡಿಯ ಮಾಸ್ತರು ನಮ್ಮನ್ನು ಮನೆಗೆ ಕರೆಸಿದರು. ನಾವು ಮೂವರೂ ಕನ್ನಡ ಶಾಲೆಯಲ್ಲಿ ಅವರ ಕೈಯಲ್ಲೇ ಅಕ್ಷರ ತಿದ್ದಿದವರು. ಚಹಾ ಕುಡಿದು ಮುಗಿಸುವತನಕ ಏನೂ ಹೇಳಲಿಲ್ಲ. ಆಮೇಲೆ, "ಅಕ್ಷರ ದೊಡ್ಡು ಮಾಡಿ ಓದೋ ಪುಸ್ತಕ ಅಂತ ಬಂದೈತಂತಲ್ಲೋ ತಮ್ಮಾ, ಅದನ್ನೊಂದು ತಂದು ಕೊಡ್ರಿ. ರೊಕ್ಕ ನಾ ಕೊಡ್ತೀನಿ," ಅಂದರು.

ಅವರಿಗೀಗ 76. ಎರಡೂ ಕಣ್ಣಿನ ಪೊರೆ ತೆಗೆಸಿದ್ದಾರೆ. ಆದರೆ ಪೊರೆಯ ಹಿಂದೆ ಗ್ಲಾಕೋಮಾ ಇತ್ತು. ಕಣ್ಣೊಳಗಿನ ಒತ್ತಡದಿಂದ ನರ ಒಣಗುತ್ತ ಹೋಗುವ ಕಾಯಿಲೆ ಅದು. ಪೊರೆಯಂತೆ ತೆಗೆದು ಹಾಕುವಂಥದ್ದಲ್ಲ. ಹೋದ ದೃಷ್ಟಿ ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಯಲು ದಿನಾ ಹನಿ ಹಾಕಿಕೊಳ್ಳಬೇಕು. ಮಾಸ್ತರು ಇದನ್ನು ಪಾಠ ಹೇಳುವ ಹಾಗೆ ನಮಗೆ ವಿವರಿಸಿದರು. ಕಡೆಗೆ, "ಇನ್ನೂ ಒಂದೆರಡು ವರ್ಷ ಓದಬಹುದು ಅನಸ್ತೈತಿ. ಅಷ್ಟರಾಗ ಗಳಗನಾಥರನ್ನ ಇನ್ನೊಮ್ಮೆ ಮುಗಿಸಬೇಕು," ಅಂದರು.

ಮಗ ಬಾಗಿಲಲ್ಲೇ ನಿಂತಿದ್ದರು. ಹಿಂಗಾರಿ ಬಿತ್ತನೆ ಎದುರಿಗಿತ್ತು. ಕಡಲೆ ಬೀಜ, ಗೊಬ್ಬರ ಎರಡೂ ತರಬೇಕು. "ಫೋನ್‌ನ್ಯಾಗ ಓದಾಕ ಬರಂಗಿಲ್ಲೇನ್ರಿ?" ಅಂತ ನಮ್ಮನ್ನೇ ಕೇಳಿದರು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಹತ್ತಿರ ಸರಿಯಾದ ಉತ್ತರವೂ ಇರಲಿಲ್ಲ.

ಗಳಗನಾಥರೆಂದರೆ ವೆಂಕಟೇಶ ತಿರಕೋ ಕುಲಕರ್ಣಿ. ತೀರಿಕೊಂಡದ್ದು 1942ರಲ್ಲಿ. ನಮ್ಮ ದೇಶದಲ್ಲಿ ಲೇಖಕ ತೀರಿಕೊಂಡ 60 ವರ್ಷಕ್ಕೆ ಕೃತಿಸ್ವಾಮ್ಯ ಮುಗಿಯುತ್ತದೆ. ಹಾಗಾಗಿ 2003ರಿಂದ ಅವರ ಕಾದಂಬರಿಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಹಂಚಬಹುದು. ತಮ್ಮ ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು ಅವರು. ಮಾಸ್ತರ ಮನೆಯ 'ಮಾಧವ ಕರುಣಾವಿಲಾಸ' ಅವರ ಅಪ್ಪನ ಕಾಲದ್ದು. ಹಾಳೆ ಕಂದಾಗಿ, ಮುಟ್ಟಿದರೆ ಅಂಚು ಮುರಿಯುತ್ತದೆ. ಬಿಸಿಲಿಗೆ ಹಿಡಿದು ಭೂತಗನ್ನಡಿ ಇಟ್ಟರೂ ಒಂದು ಪುಟಕ್ಕೆ ಅರ್ಧ ತಾಸು ಹಿಡಿಯುತ್ತಿತ್ತು.

ನಾವು ಮೊದಲು ಮಾಡಿದ್ದೇ ತಪ್ಪು. ನಮ್ಮಲ್ಲೊಬ್ಬ ಬೆಂಗಳೂರಿನಲ್ಲಿ ಇ-ಇಂಕ್ ರೀಡರ್ ನೋಡಿ ಬಂದಿದ್ದ. ಕಾಗದದ ಹಾಗೆಯೇ ಕಾಣುತ್ತದೆ, ಕಣ್ಣಿಗೆ ಕುಕ್ಕುವುದಿಲ್ಲ, ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಈ ಮೂರೂ ನಿಜ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ 3,500 ರೂಪಾಯಿಗೆ ಸಿಕ್ಕಿತು, ತಂದೆವು. ಇಂಗ್ಲಿಷ್ ಪುಸ್ತಕ ಚೆಂದ ಕಂಡಿತು. ಗಳಗನಾಥರ ಪಿಡಿಎಫ್ ಹಾಕಿದಾಗ ಇಡೀ ಪುಟ ಲಗ್ನಪತ್ರಿಕೆಯ ಮೂಲೆಯಲ್ಲಿ ಅಚ್ಚಾಗುವ ಪ್ರೆಸ್ಸಿನ ಹೆಸರಿನಷ್ಟು ಸಣ್ಣದಾಗಿ ಕೂತಿತು. ದೊಡ್ಡದು ಮಾಡಿದರೆ ಸಾಲಿನ ಅರ್ಧ ಹೊರಗೆ. ಬಲಕ್ಕೆ ಎಳೆದು ಓದಿ, ಮತ್ತೆ ಎಡಕ್ಕೆ ಎಳೆಯುವಷ್ಟರಲ್ಲಿ ಯಾವ ಸಾಲಿನಲ್ಲಿದ್ದೆವು ಅನ್ನುವುದೇ ತಪ್ಪುತ್ತದೆ. ಎಳೆದಾಗಲೆಲ್ಲ ಪರದೆ ಒಮ್ಮೆ ಕಪ್ಪಾಗಿ ಮಿಣುಕುತ್ತದೆ. ಮಾಸ್ತರು ಎರಡು ದಿನ ಸುಮ್ಮನೆ ಸಹಿಸಿಕೊಂಡರು. ಮೂರನೇ ದಿನ, "ಇದು ನನ್ನ ಪರೀಕ್ಷಾ ತಗೊಳ್ಳಾಕತ್ತೈತಿ," ಅಂತ ವಾಪಸ್ ಕೊಟ್ಟರು. ಅಂಗಡಿಯವರು ತಿರುಗಿ ತಗೊಳ್ಳಲಿಲ್ಲ. 3,500 ನಮ್ಮ ಮೂವರ ತಲೆಗೆ ಬಿತ್ತು. ಮಾಸ್ತರ ಬೀಜದ ರೊಕ್ಕಕ್ಕೆ ಕೈ ಹಚ್ಚಲಿಲ್ಲ ಅನ್ನುವುದೊಂದೇ ಸಮಾಧಾನ.

ಆ ಯಂತ್ರವನ್ನು ಪೂರ್ತಿ ಬೈಯುವುದೂ ಸರಿಯಲ್ಲ. ಅದು ಇರುವುದು ಅಕ್ಷರ ಹರಿದು ಕೂಡುವ ಪುಸ್ತಕಕ್ಕೆ. ಕನ್ನಡಕ್ಕೆ ಅಂಥ ಪುಸ್ತಕ ತಡವಾಗಿ ಬಂದವು. 2016ರ ಡಿಸೆಂಬರ್‌ನಲ್ಲಿ ಕಿಂಡಲ್‌ನವರು ಭಾರತೀಯ ಭಾಷೆಗಳ ಪುಸ್ತಕ ಶುರು ಮಾಡಿದಾಗ ಹಿಂದಿ, ಮರಾಠಿ, ಗುಜರಾತಿ, ತಮಿಳು, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ.

ಎರಡನೇ ಪ್ರಯತ್ನಕ್ಕೆ ಖರ್ಚಿರಲಿಲ್ಲ. ನಮ್ಮಲ್ಲೊಬ್ಬಳ ಅಟ್ಟದ ಮೇಲೆ ಹತ್ತು ಇಂಚಿನ ಹಳೆಯ ನೆಟ್‌ಬುಕ್ ಬಿದ್ದಿತ್ತು. 2007ರಲ್ಲಿ ಏಸಸ್‌ನವರ ಈ-ಪಿಸಿ ಬಂದ ಮೇಲೆ ನಾಲ್ಕೈದು ವರ್ಷ ಎಲ್ಲ ಕಡೆ ಕಾಣುತ್ತಿದ್ದ ಪುಟ್ಟ ಲ್ಯಾಪ್‌ಟಾಪ್ ಜಾತಿಯದು. ಲಿನಕ್ಸ್ ಹಾಕಿ ಒರೆಸಿ ಒಯ್ದೆವು. ಮಾಸ್ತರಿಗೆ ಒಂದು ಕಾರಣಕ್ಕೆ ಬಹಳ ಹಿಡಿಸಿತು. ಅದರಲ್ಲಿ ಗುಂಡಿಗಳಿದ್ದವು. ಸ್ಪೇಸ್ ಒತ್ತಿದರೆ ಪುಟ ಕೆಳಗೆ ಸರಿಯುತ್ತದೆ, ಕೈಗೆ ಗೊತ್ತಾಗುತ್ತದೆ. ಆದರೆ ಪುಸ್ತಕದ ಪುಟ ನಿಂತಿರುತ್ತದೆ, ನೆಟ್‌ಬುಕ್ಕಿನ ಪರದೆ ಮಲಗಿರುತ್ತದೆ. ಒಂದು ಪುಟಕ್ಕೆ ಎರಡು ಸಲ, ಮೂರು ಸಲ ಸರಿಸಬೇಕು. ಒಂದು ಕಿಲೋಕ್ಕಿಂತ ಹೆಚ್ಚು ತೂಕ, ಹೊರಸಿನ ಮೇಲೆ ಮಲಗಿ ಎದೆಯ ಮೇಲಿಟ್ಟುಕೊಂಡರೆ ಬಿಸಿ. ಬ್ಯಾಟರಿ ಸತ್ತಿತ್ತು, ಹಾಗಾಗಿ ಕರೆಂಟ್ ಹೋದ ಕೂಡಲೇ ಪುಸ್ತಕವೂ ಹೋಗುತ್ತಿತ್ತು. ಫೋನ್ ಚಾರ್ಜರ್ ಅದಕ್ಕೆ ನಡೆಯುವುದಿಲ್ಲ, ಪವರ್ ಬ್ಯಾಂಕೂ ನಡೆಯುವುದಿಲ್ಲ. ರಾತ್ರಿ ಯಾವಾಗ ಕರೆಂಟ್ ಹೋಗುತ್ತದೆ ಅನ್ನುವುದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ.

ಎರಡು ಸಲ ಸೋತ ಮೇಲೆ ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆವು. ಮಾಸ್ತರ ಕಪಾಟಿನ ಪುಸ್ತಕಗಳನ್ನು ಸ್ಕೇಲ್ ಹಿಡಿದು ಅಳೆದೆವು.

ಈಗಿನ ಕನ್ನಡ ಪುಸ್ತಕ ಬಹುತೇಕ ಡೆಮಿ ಆಕಾರದವು, ಎಂಟೂವರೆ ಇಂಚು ಎತ್ತರ, ಐದೂವರೆ ಅಗಲ. ಹಳೆಯವು ಕ್ರೌನ್, ಸ್ವಲ್ಪ ಚಿಕ್ಕವು. ಇನ್ನು ಪರದೆ. ಜಾಹೀರಾತಿನಲ್ಲಿ ಹೇಳುವ ಇಂಚು ಮೂಲೆಯಿಂದ ಮೂಲೆಗೆ ಅಳೆದದ್ದು, ಅಗಲ ಅಲ್ಲ. ನಿಮ್ಮ ಕೈಯಲ್ಲಿರುವ ಆರೂವರೆ ಇಂಚಿನ ಫೋನಿನ ಅಗಲ ಎಷ್ಟು ಅಂತ ಈಗಲೇ ಅಳೆದು ನೋಡಿ, ಮೂರು ಇಂಚು ದಾಟುವುದಿಲ್ಲ. ಪುಸ್ತಕದ ಪುಟ ಅದರಲ್ಲಿ ಅರ್ಧಕ್ಕರ್ಧ ಕುಗ್ಗುತ್ತದೆ. ನಾವು ತಂದ ಆರು ಇಂಚಿನ ರೀಡರ್ ಸುಮಾರು ಮೂರೂವರೆ ಇಂಚು ಅಗಲ. ಎಂಟು ಇಂಚಿನ ಟ್ಯಾಬ್ ನಾಲ್ಕೂಕಾಲು ಅಗಲ. 10.1 ಇಂಚಿನದು ಎಂಟೂವರೆ ಎತ್ತರ, ಐದೂಕಾಲಿನ ಮೇಲೆ ಅಗಲ. ಅಂದರೆ ನಿಲ್ಲಿಸಿ ಹಿಡಿದರೆ ಹೆಚ್ಚುಕಡಿಮೆ ಒಂದು ಡೆಮಿ ಪುಟ. ಅಂಗಡಿಯಲ್ಲಿ ಯಾರೂ ನಮಗೆ ಇದನ್ನು ಹೇಳಲಿಲ್ಲ. ಅವರು ಹೇಳಿದ್ದು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ.

ಮಗನ ಪ್ರಶ್ನೆಗೂ ಅಲ್ಲೇ ಉತ್ತರ ಸಿಕ್ಕಿತು. ಅವರ ಫೋನನ್ನು ಪುಸ್ತಕದ ಮೇಲಿಟ್ಟು ತೋರಿಸಿದೆವು. ಅವರು ಎರಡು ಸಲ ಸರಿಸಿ ಸರಿಸಿ ನೋಡಿ, "ಆತು, ತಗೋರಿ," ಅಂದರು. ಬೀಜಕ್ಕೆ ಸೊಸೈಟಿಯಲ್ಲಿ ಉದ್ರಿ ತಂದರೆಂದು ಆಮೇಲೆ ಗೊತ್ತಾಯಿತು. ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರಿ ಸಂಘ ಕಟ್ಟಿದ ಸೀಮೆ ನಮ್ಮದು. ಆದರೂ ಆ ಮಾತು ಕೇಳಿದಾಗ ನಮಗೆ ಊಟ ಸೇರಲಿಲ್ಲ.

ಗದಗದಲ್ಲಿ 10.1 ಇಂಚಿನ ಟ್ಯಾಬ್ ಕೊಂಡೆವು, 11,500 ರೂಪಾಯಿ. ತೂಕ ಅರ್ಧ ಕಿಲೋ. 4 ಜಿಬಿ ರ‍್ಯಾಮ್ ಇರಲಿ ಅಂತ ಹಟ ಹಿಡಿದೆವು, ಯಾಕೆಂದರೆ ಫೋಟೋ ತೆಗೆದ ಪುಟಗಳ ಪಿಡಿಎಫ್ ಭಾರ ಇರುತ್ತದೆ, 2 ಜಿಬಿಯ ಅಗ್ಗದ ಟ್ಯಾಬಿನಲ್ಲಿ ಪುಟ ತಿರುವಿ ಕಾಯುತ್ತ ಕೂಡಬೇಕು. ಜಾಗದ ಚಿಂತೆ ಬೇಡ. 20 ಎಂಬಿಯ ಪುಸ್ತಕ ಅಂದರೂ 20 ಜಿಬಿಯಲ್ಲಿ ಸಾವಿರ ಹಿಡಿಯುತ್ತವೆ. ಸಿಮ್ ಇಲ್ಲದ್ದನ್ನೇ ತಗೊಂಡೆವು. ಮೊಮ್ಮಗನ ಫೋನಿನಿಂದ ಹಾಟ್‌ಸ್ಪಾಟ್, ಒಂದು ದಿನದ ಒಂದೂವರೆ ಜಿಬಿಯಲ್ಲಿ ವರ್ಷದ ಓದು ಇಳಿಯುತ್ತದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದವರು ಹಿಂದೆ ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕಗಳು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಪುಸ್ತಕ ಸಂಚಯ ತಾಣದಲ್ಲಿ ಕನ್ನಡದಲ್ಲೇ ಹೆಸರು ಬರೆದು ಹುಡುಕಬಹುದು.

ಮೊದಲ ದಿನವೇ ಒಂದು ಎಡವಟ್ಟು. ಪರದೆ ಮಾಸ್ತರ ಬೆರಳಿಗೆ ಕೇಳಲಿಲ್ಲ. ಹೊಲ, ಸೀಮೆಸುಣ್ಣ ಎರಡೂ ಕಂಡ ಬೆರಳು, ತುದಿ ಒಣಗಿ ಗಟ್ಟಿಯಾಗಿದೆ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆಂದು ತಂದ 'ಆಕಾಶ್' ಟ್ಯಾಬ್ ನೆನಪಿದೆಯೇ? ಅದರ ಪರದೆ ಒತ್ತಿದರೆ ಮಾತ್ರ ಕೇಳುತ್ತದೆ ಅಂತ ಎಲ್ಲರೂ ನಕ್ಕಿದ್ದರು. ಮಾಸ್ತರಿಗೆ ಅಂಥದ್ದೇ ಬೇಕಿತ್ತು! ಲಿಬ್ರೆರಾ ಅನ್ನುವ ಓದುವ ಆ್ಯಪ್ ಹಾಕಿ, ವಾಲ್ಯೂಮ್ ಗುಂಡಿಯಿಂದ ಪುಟ ತಿರುಗುವಂತೆ ಮಾಡಿಕೊಟ್ಟೆವು. ಮೇಲಿನದು ಹಿಂದಕ್ಕೆ, ಕೆಳಗಿನದು ಮುಂದಕ್ಕೆ. ನೆಟ್‌ಬುಕ್ಕಿನಲ್ಲಿ ಅವರು ಮೆಚ್ಚಿದ್ದು ಇಲ್ಲಿ ವಾಪಸ್ ಬಂತು.

ಎರಡನೆಯ ಪಾಠ ನಮಗೆ. ಕಣ್ಣು ಮಂದ ಅಂದರೆ ಅಕ್ಷರ ಎಷ್ಟು ದೊಡ್ಡದಾದರೆ ಅಷ್ಟು ಒಳ್ಳೆಯದು ಅಂದುಕೊಂಡಿದ್ದೆವು. ಗ್ಲಾಕೋಮಾದಲ್ಲಿ ಬದಿಯ ನೋಟ ಹೋಗಿ, ಕಿಂಡಿಯಲ್ಲಿ ನೋಡಿದ ಹಾಗೆ ನಡುವಿನದಷ್ಟೇ ಉಳಿಯುತ್ತ ಬರುತ್ತದೆ. ಅಕ್ಷರ ತೀರ ದೊಡ್ಡದಾದರೆ ಆ ಕಿಂಡಿಯಲ್ಲಿ ಎರಡೇ ಅಕ್ಷರ ಹಿಡಿಯುತ್ತವೆ, ಶಬ್ದ ತುಂಡಾಗುತ್ತದೆ. ನಾವು ಹಿಗ್ಗಿಸಿ ಕೊಟ್ಟದ್ದನ್ನು ಮಾಸ್ತರೇ ಕುಗ್ಗಿಸಿದರು. ಅವರಿಗೆ ಬೇಕಾಗಿದ್ದು ಅಚ್ಚಿನಕ್ಕಿಂತ ಒಂದೂವರೆ ಪಟ್ಟು ಅಕ್ಷರ, ಕಪ್ಪು ನೆಲದ ಮೇಲೆ ಬಿಳಿ ಬರೆಹ, ಸಣ್ಣ ಸಾಲು. ಕಪ್ಪು ಹಲಗೆಯ ಮೇಲೆ 35 ವರ್ಷ ಬರೆದವರಿಗೆ ಅದು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಸಣ್ಣ ಸಾಲು ಸ್ಕ್ಯಾನ್ ಪುಸ್ತಕದಲ್ಲಿ ಆಗದ ಮಾತು. ಸ್ಕ್ಯಾನ್ ಪುಟ ಒಂದು ಫೋಟೋ. ಟ್ಯಾಬಿಗೆ ಅದರಲ್ಲಿ ಅಕ್ಷರ ಕಾಣುವುದಿಲ್ಲ, ಕಪ್ಪು ಕಲೆ ಕಾಣುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಆದ ಪುಸ್ತಕವಾದರೆ ಅಕ್ಷರ ಹಿಗ್ಗಿದಂತೆ ಸಾಲು ತಾನೇ ಮುರಿದು ಕೂಡುತ್ತದೆ. ಅದು ಇಡೀ ಕಾದಂಬರಿಗೆ ಒಂದು ಎಂಬಿಯೂ ಆಗುವುದಿಲ್ಲ. ನಡುವೆ ಮೂರನೆಯ ಜಾತಿಯೂ ಇದೆ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು. ನೋಡಲು ಅಕ್ಷರವೇ, ನಕಲು ಮಾಡಿದರೆ ಇಂಗ್ಲಿಷ್ ಅಕ್ಷರಕ್ಕೆ ಕೊಂಬು ಬಾಲ ಹಚ್ಚಿದಂಥ ಗೊಂದಲ. ಪತ್ರಿಕಾ ಪ್ರಕಟಣೆಗಳು ನಮಗೆ ಈಗಲೂ ಹಾಗೇ ಬರುತ್ತವೆ, ಅದೊಂದು ಬೇರೆ ಗೋಳು.

ಯೂನಿಕೋಡ್ ಇರುವಲ್ಲಿ ಸುಖವಿದೆ. ವಚನ ಸಂಚಯದಲ್ಲಿ ಸಾವಿರಾರು ವಚನಗಳು ಹಾಗಿವೆ. ಈಚಿನ ಕಥೆ ಕಾದಂಬರಿಗಳನ್ನು ಮೈಲ್ಯಾಂಗ್‌ನಂಥವರು ಇ-ಬುಕ್ ಮಾಡಿ ಮಾರುತ್ತಾರೆ. ಹಾಗಾದರೆ ಹೊಸ ಪುಸ್ತಕ ಮಾತ್ರ ಓದುವವರಿಗೆ ಎಂಟು ಇಂಚು ಧಾರಾಳ ಸಾಕು, ಹಗುರ, ರೊಕ್ಕವೂ ಉಳಿಯುತ್ತದೆ. ಹಳೆಯ ಸ್ಕ್ಯಾನ್ ಪುಸ್ತಕ, ಸ್ಪರ್ಧಾತ್ಮಕ ಪರೀಕ್ಷೆಯ ಪಿಡಿಎಫ್ ಓದುವವರು ಹತ್ತಕ್ಕಿಂತ ಕೆಳಗಿಳಿಯಬೇಡಿ. ನಮ್ಮನ್ನು ಈಗ ಯಾರಾದರೂ ಕೇಳಿದರೆ ಯಾವ ಕಂಪನಿ ಅಂತ ಹೇಳುವ ಮೊದಲು ಏನು ಓದುತ್ತೀರಿ ಅಂತ ಕೇಳುತ್ತೇವೆ.

ಯೂನಿಕೋಡಿನ ಇನ್ನೊಂದು ಗುಣ, ಅದನ್ನು ಟ್ಯಾಬ್ ಓದಿ ಹೇಳುತ್ತದೆ. ಮಾಸ್ತರಿಗೆ ಇದನ್ನು ತೋರಿಸಿದ ಸಂಜೆ ಅವರು ವೀರೇಶ್ವರ ಪುಣ್ಯಾಶ್ರಮದ ಮಾತು ತೆಗೆದರು. ಅಂಧ ಮಕ್ಕಳಿಗೆ ಸಂಗೀತ ಕಲಿಸಿದ ಗದಗದ ಆಶ್ರಮ. ಪುಟ್ಟರಾಜ ಗವಾಯಿಗಳು ಬ್ರೈಲ್ ಬಲ್ಲವರು. "ಅವರದು ಬಾಲ್ಯದಾಗ ಕಲಿತ ಬೆರಳು. ನನ್ನ ಬೆರಳು ಈಗ ಕಲೀತಾವೇನು? ಕಿವಿ ಮಾತ್ರ ಇನ್ನೂ ಛಲೋ ಅದಾವು," ಅಂದರು. ಯಂತ್ರದ ಓದು ಕೇಳಿ ಮಾತ್ರ ನಕ್ಕರು. "ಇನ್‌ಸ್ಪೆಕ್ಟರ್ ಬಂದಾಗ ಹುಡುಗೂರು ಓದಿಧಾಂಗ ಓದ್ತಾನಲ್ಲ ಇಂವ!"

ಆಗ ನಮಗೆ ಹೊಳೆದದ್ದು ಬೇರೆ. ಕಣ್ಣು ಪೂರ್ತಿ ಸೋತ ದಿನ ಟ್ಯಾಬಿನಲ್ಲಿರುವ ಗಳಗನಾಥರು ಅವರಿಗೆ ಸಿಗುವುದಿಲ್ಲ, ಯಾಕೆಂದರೆ ಅದು ಫೋಟೋ. ಅದನ್ನು ಅಕ್ಷರ ಮಾಡಬೇಕು. ಗೂಗಲ್ ಡ್ರೈವ್‌ನ ಅಕ್ಷರ ಗುರುತಿಸುವ ಸೌಲಭ್ಯ ಕನ್ನಡಕ್ಕೂ ಇದೆ. ಹಾಕಿ ನೋಡಿದೆವು. ಹೊಸ ಅಚ್ಚಿಗೆ ಪರವಾಗಿಲ್ಲ. ಹಳೆಯ ಮೊಳೆ ಅಚ್ಚಿನ ಪುಟದಲ್ಲಿ ಒತ್ತಕ್ಷರ ಕಳೆಯುತ್ತದೆ, ಪ ವ ಆಗುತ್ತದೆ. ಒಂದು ಪುಟ ತಿದ್ದಲು ಹತ್ತು ಹದಿನೈದು ನಿಮಿಷ. ಮೂವರು ಹಂಚಿಕೊಂಡು ರಾತ್ರಿ ಊಟವಾದ ಮೇಲೆ ಕೂಡುತ್ತೇವೆ. ಲೇಖಕರ ಹಕ್ಕು ಮುಗಿದ ಪುಸ್ತಕ ಆದದ್ದರಿಂದ ಯಾರ ಅಪ್ಪಣೆಯೂ ಬೇಕಿಲ್ಲ. ತಿದ್ದಿದ ಪುಟಗಳನ್ನು ವಾರಕ್ಕೊಮ್ಮೆ ಟ್ಯಾಬಿಗೆ ಹಾಕಿಕೊಡುತ್ತೇವೆ.

ಮಾಸ್ತರು ಹಗಲು ಸ್ಕ್ಯಾನ್ ಪುಟವನ್ನು ಕಣ್ಣಿನಿಂದ ಓದುತ್ತಾರೆ, ರಾತ್ರಿ ನಾವು ಕೊಟ್ಟದ್ದನ್ನು ಕಿವಿಯಿಂದ ಕೇಳುತ್ತಾರೆ. ಎರಡೂ ಅವರಿಗೆ ಬಾಯಿಪಾಠ ಇದ್ದಂತೆ ಕಾಣುತ್ತದೆ. ಮೊನ್ನೆ ಮುಂಜಾನೆ ಆರಕ್ಕೇ ಫೋನ್ ಬಂತು.

"ಇಪ್ಪತ್ತೆರಡನೇ ಪುಟ ಯಾರು ಬರದೀರಿ?"

ನಮ್ಮಲ್ಲೊಬ್ಬ ತಾನೇ ಅಂತ ಒಪ್ಪಿಕೊಂಡ.

"ಎರಡು ಕಡೆ ದೀರ್ಘ ಬಿಟ್ಟೀದಿ. ಮೂರನೇ ಇಯತ್ತೆದಾಗೂ ಹಿಂಗ ಮಾಡ್ತಿದ್ದಿ."

ತಿದ್ದಿ ಕಳಿಸಿದ್ದೇವೆ. ಈಗ 31ನೇ ಪುಟ ನಡೆದಿದೆ.