ಉದ್ದ ಫೋರ್ಕಿನ ಯೆಜ್ಡಿಯೂ ಮಂಗಳೂರಿನ ಮಳೆಯೂ

ಮುಂದಿನ ಚಕ್ರ ಒಂದು ಮಾರು ದೂರ, ಹ್ಯಾಂಡಲ್ ಭುಜದ ಎತ್ತರ, ಸವಾರ ಆರಾಮಕುರ್ಚಿಯಲ್ಲಿ ಒರಗಿದಂತೆ ಕಾಲು ಚಾಚಿ ಕುಳಿತಿರುತ್ತಾನೆ. ಇಂಥ ಮೋಟಾರ್ ಸೈಕಲನ್ನು ಮಕ್ಕಳೇ, ನೀವು ಇಂಗ್ಲಿಷ್ ಸಿನಿಮಾಗಳಲ್ಲಿ ನೋಡಿರಬಹುದು. ಇದರ ಹೆಸರು ಚಾಪರ್, ಅಂದರೆ ಕತ್ತರಿಸಿದ ಗಾಡಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಯುವಕರು ಹಳೆಯ ಹಾರ್ಲೆ ಡೇವಿಡ್‌ಸನ್ ಗಾಡಿಗಳನ್ನು ಕೊಂಡು, ಭಾರ ಇಳಿಸಲು ಮಡ್‌ಗಾರ್ಡನ್ನೂ ಬೇಡವೆನಿಸಿದ ಇತರ ಭಾಗಗಳನ್ನೂ ಕತ್ತರಿಸಿ ಹಾಕುತ್ತಿದ್ದರು. ಆಮೇಲೆ ಮುಂದಿನ ಚಕ್ರವನ್ನು ಹಿಡಿದಿರುವ ಜೋಡಿ ಕೊಳವೆ, ಅಂದರೆ ಫೋರ್ಕ್, ಉದ್ದವಾಗುತ್ತ ಹೋಯಿತು. 1969ರ ‘ಈಸಿ ರೈಡರ್’ ಚಿತ್ರ ಈ ಗಾಡಿಗಳನ್ನು ಜಗತ್ತಿಗೆಲ್ಲ ತೋರಿಸಿತು. ಆ ಚಿತ್ರದ ಗಾಡಿಗಳನ್ನು ರೂಪಿಸಿದವರಲ್ಲಿ ಮುಖ್ಯರು ಬೆನ್ ಹಾರ್ಡಿ ಮತ್ತು ಕ್ಲಿಫ್ ವಾಸ್ ಎಂಬ ಇಬ್ಬರು ಕಪ್ಪು ಅಮೆರಿಕನ್ನರು. ಬಹುಕಾಲ ಅವರ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ.

ನನ್ನ ಗಾಡಿ ಹಾರ್ಲೆ ಅಲ್ಲ, 1976ರ ಯೆಜ್ಡಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು. ಜಾವಾ ಮೂಲತಃ ಚೆಕ್ ದೇಶದ ಕಂಪನಿ. ಯಾನೆಚೆಕ್ ಎಂಬ ಮಾಲೀಕನ ಹೆಸರಿನ ಮೊದಲ ಎರಡು ಅಕ್ಷರವನ್ನೂ ವಾಂಡರರ್ ಎಂಬ ಗಾಡಿಯ ಮೊದಲ ಎರಡು ಅಕ್ಷರವನ್ನೂ ಕೂಡಿಸಿ 1929ರಲ್ಲಿ ಆ ಹೆಸರಿಟ್ಟರು. ಮೈಸೂರಿನಲ್ಲಿ ಜಾವಾ ತಯಾರಿ 1961ರಲ್ಲಿ ಶುರುವಾಯಿತು, 1970ರ ದಶಕದಲ್ಲಿ ಅದೇ ಯೆಜ್ಡಿಯಾಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಅದರ ‘ಡುಗ್ ಡುಗ್’ ಸದ್ದು ನನ್ನ ಓರಗೆಯವರಿಗೆ ಇನ್ನೂ ಕಿವಿಯಲ್ಲಿದೆ. ಒಂದೇ ಸಿಲಿಂಡರು, ಆದರೆ ಎರಡು ಸೈಲೆನ್ಸರು. ಸ್ಟಾರ್ಟ್ ಮಾಡುವ ಕಿಕ್ಕರನ್ನು ತಿರುಗಿಸಿ ಮುಂದಕ್ಕೆ ಮಲಗಿಸಿದರೆ ಅದೇ ಗೇರ್ ಲಿವರು.

1989ರಲ್ಲಿ ದುಬೈಗೆ ಹೊರಟಿದ್ದ ಪರಿಚಯದವರೊಬ್ಬರು ಇದನ್ನು ನನಗೆ 6,000 ರೂಪಾಯಿಗೆ ಕೊಟ್ಟರು. ಆಗ ನಾನು ಬ್ಯಾಂಕಿನಲ್ಲಿ ಗುಮಾಸ್ತ. ಗಾಡಿ ಅಷ್ಟರಲ್ಲೇ ಚಾಪರ್ ಆಗಿತ್ತು. ಅವರು ಲೇತಿನಲ್ಲಿ ತುಂಡು ಜೋಡಿಸಿ ಫೋರ್ಕನ್ನು ಉದ್ದ ಮಾಡಿಸಿದ್ದರು, ಹಿಂದಿನ ಮಡ್‌ಗಾರ್ಡ್ ಕತ್ತರಿಸಿದ್ದರು, ಸೀಟಿಗೆ ಎತ್ತರದ ಒರಗು ಕಂಬಿ ಹಾಕಿಸಿದ್ದರು. ಬದಲಾವಣೆಯನ್ನು ಆರ್‌ಟಿಓಗೆ ತಿಳಿಸಿ ಪುಸ್ತಕದಲ್ಲೂ ಬರೆಸಿದ್ದರು. ತೆಗೆದ ಮೂಲ ಸಾಮಾನನ್ನೆಲ್ಲ ಗೋಣಿಚೀಲದಲ್ಲಿ ಕಟ್ಟಿ, “ಇದನ್ನು ಮಾತ್ರ ಬಿಸಾಡಬೇಡಿ ಮಾರಾಯ್ರೇ” ಎಂದು ಹೇಳಿ ಹೋದರು.

ಈ ಗಾಡಿಯ ಗುಣ ತಿಳಿಯಬೇಕಾದರೆ ನಮ್ಮ ಊರನ್ನು ಸ್ವಲ್ಪ ಸುತ್ತಬೇಕು, ಬನ್ನಿ.

ಮಂಗಳೂರು ಗುಡ್ಡಗಳ ಊರು. ಕದ್ರಿಯಿಂದ ಹೊರಟರೆ ಮಲ್ಲಿಕಟ್ಟೆ, ಬಂಟ್ಸ್ ಹಾಸ್ಟೆಲ್, ಜ್ಯೋತಿ, ಅಲ್ಲಿಂದ ಬಾವುಟಗುಡ್ಡೆ. ಗುಡ್ಡದ ಮೇಲಿನ ಅಲೋಶಿಯಸ್ ಕಾಲೇಜಿನ ಚಾಪೆಲ್‌ನಲ್ಲಿ ಇಟಲಿಯ ಆಂಟೋನಿಯೋ ಮೊಸ್ಕೇನಿ ಬರೆದ ಚಿತ್ರಗಳು ಗೋಡೆ, ಮಾಡು ಎಲ್ಲ ತುಂಬಿವೆ. ಅಲ್ಲಿಂದ ಹಂಪನಕಟ್ಟೆಗೆ ಇಳಿಜಾರು. ಉದ್ದ ಫೋರ್ಕಿನ ಗಾಡಿ ಇಲ್ಲಿಯೇ ಹಟ ಹಿಡಿಯುತ್ತಿತ್ತು. ಫೋರ್ಕ್ ಹೆಚ್ಚು ಓರೆಯಾದಷ್ಟೂ ಗಾಡಿ ನೇರ ದಾರಿಯಲ್ಲಿ ಸ್ಥಿರ. ಆದರೆ ನಿಧಾನವಾಗಿ ತಿರುಗಿಸುವಾಗ ಮುಂದಿನ ಚಕ್ರ ಒಂದೇ ಬದಿಗೆ ವಾಲಿ ಬೀಳುತ್ತದೆ, ತಿರುಗಲು ಅಗಲ ಜಾಗವೂ ಬೇಕು. ಹಂಪನಕಟ್ಟೆಯ ಬಸ್ಸುಗಳ ನಡುವೆ ಅಷ್ಟು ಜಾಗ ಯಾರು ಕೊಡುತ್ತಾರೆ? ಪಣಂಬೂರಿನಿಂದ ಸುರತ್ಕಲ್ಲಿಗೆ ಹೆದ್ದಾರಿಯಲ್ಲಿ ಹೋಗುವಾಗ ಮಾತ್ರ ಅದು ರಾಜ. ಕೈಬಿಟ್ಟರೂ ಗೆರೆ ಎಳೆದಂತೆ ಹೋದೀತು ಎನಿಸುತ್ತಿತ್ತು. (ಕೈ ಬಿಡಬಾರದು, ಮಕ್ಕಳೇ!) ಮೈಲುಗಟ್ಟಲೆ ನೇರ ರಸ್ತೆಯಿರುವ ನಾಡಿನಲ್ಲಿ ಈ ರೂಪ ಯಾಕೆ ಹುಟ್ಟಿತೆಂದು ನನಗೆ ಅರ್ಥವಾದದ್ದು ಆ ದಾರಿಯಲ್ಲೇ.

ಇನ್ನು ಮಳೆ. ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಮಡ್‌ಗಾರ್ಡ್ ಕತ್ತರಿಸಿದ ಗಾಡಿಯಲ್ಲಿ ಜೂನ್ ತಿಂಗಳು ಬ್ಯಾಂಕಿಗೆ ಹೋದರೆ ಏನಾಗುತ್ತದೆ? ಬೆನ್ನ ಮೇಲೆ ಸೊಂಟದಿಂದ ಕುತ್ತಿಗೆಯವರೆಗೆ ಕೆಂಪು ಮಣ್ಣಿನ ಪಟ್ಟೆ! ಕೌಂಟರಿನ ಆಚೆಯಿಂದ ನೋಡುವ ಗ್ರಾಹಕರಿಗೆ ಅದು ಕಾಣುತ್ತಿರಲಿಲ್ಲ, ನನ್ನ ಹಿಂದೆ ಕೂರುತ್ತಿದ್ದ ಮ್ಯಾನೇಜರರಿಗೆ ಕಾಣುತ್ತಿತ್ತು. ಎರಡನೇ ಮಳೆಗಾಲಕ್ಕೆ ಮೊದಲೇ ಗೋಣಿಚೀಲ ಬಿಚ್ಚಿ ಮಡ್‌ಗಾರ್ಡ್ ಹೊರತೆಗೆದೆ.

ಮಳೆಗಿಂತ ಮೌನವಾದ ಶತ್ರು ಕಡಲ ಗಾಳಿ. ಅದರಲ್ಲಿರುವ ಉಪ್ಪು ಲೋಹದ ಮೇಲೆ ಕೂತು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಕ್ರೋಮ್ ಲೇಪ ಎಷ್ಟು ಹೊಳೆದರೂ ಸೂಜಿಮೊನೆಯಷ್ಟು ತೂತಿದ್ದರೆ ಸಾಕು, ತುಕ್ಕು ಒಳಗಿಂದ ಕೆಲಸ ಶುರುಮಾಡುತ್ತದೆ. ಮಗಳು ಶಾಲೆಗೆ ಸೇರಿದ ವರ್ಷ, 1994ರಲ್ಲಿ, ಕಂಕನಾಡಿಯ ನಮ್ಮ ಮೆಕ್ಯಾನಿಕ್ ಫೋರ್ಕಿನ ವೆಲ್ಡಿಂಗ್ ಜಾಗವನ್ನು ಒರೆಸಿ ತೋರಿಸಿದರು. ಕೂದಲೆಳೆಯಷ್ಟು ಸಣ್ಣ ಕಂದು ಗೆರೆ. “ಸಾರ್, ಇದು ಕೊಳೆ ಅಲ್ಲ, ಬಿರುಕು. ಮಗುವನ್ನು ಕೂರಿಸಿಕೊಂಡು ಇದರಲ್ಲಿ ಹೋಗುವುದು ಬೇಡ” ಎಂದರು. ಅದೇ ವಾರ ಮೂಲ ಫೋರ್ಕ್ ಮರಳಿ ಗಾಡಿಗೇರಿತು, ಆರ್‌ಟಿಓ ಪುಸ್ತಕವೂ ತಿದ್ದುಪಡಿಯಾಯಿತು. ಉದ್ದ ಫೋರ್ಕ್ ಶೆಡ್ಡಿನ ಗೋಡೆಗೇರಿತು. ಒರಗು ಕಂಬಿ ಈಗ ನಮ್ಮಲ್ಲಿ ಟವೆಲ್ ಒಣಗಿಸುವ ಕಂಬಿ.

ಹಳೆಯ ಗಾಡಿ ಇಟ್ಟುಕೊಳ್ಳುವುದೆಂದರೆ ವಾರಕ್ಕೊಮ್ಮೆ ಅದರ ಯೋಗಕ್ಷೇಮ ವಿಚಾರಿಸುವುದು. ನನ್ನ ಭಾನುವಾರದ ಕೆಲಸಗಳನ್ನು ಹೇಳುತ್ತೇನೆ. ಬೀಚಿನ ಕಡೆ ಹೋಗಿಬಂದಿದ್ದರೆ ಮೊದಲು ಸಿಹಿನೀರಲ್ಲಿ ತೊಳೆದು, ಒರೆಸಿ, ಎಣ್ಣೆಬಟ್ಟೆ ಆಡಿಸುವುದು. ಪ್ಲಗ್ ಬಿಚ್ಚಿ ಮಸಿ ತೆಗೆಯುವುದು. ಕಿಡಿ ಹುಟ್ಟಿಸುವ ಪಾಯಿಂಟುಗಳ ನಡುವಿನ ಸಂದು ಅರ್ಧ ಮಿ.ಮೀ.ಗೂ ಕಡಿಮೆ, ತೇವ ಕೂತರೆ ಗಾಡಿ ಮೊಂಡು ಹಿಡಿಯುತ್ತದೆ, ಒಣಬಟ್ಟೆಯಿಂದ ಒರೆಸಬೇಕು. ಬ್ರೇಕು ಡ್ರಮ್ಮಿನದು. ನೀರಿನಲ್ಲಿ ಹಾಯ್ದು ಬಂದರೆ ಹಿಡಿಯುವುದಿಲ್ಲ, ಮೆಲ್ಲಗೆ ಹೋಗುತ್ತ ಬ್ರೇಕನ್ನು ಹಗುರವಾಗಿ ಒತ್ತಿ ಒಣಗಿಸಿಕೊಳ್ಳಬೇಕು. ಜೋರು ಮಳೆಗೆ ಕೊಟ್ಟಾರ ಚೌಕಿಯಲ್ಲಿ ನೀರು ನಿಂತರೆ ನಾನು ಆ ದಾರಿಯನ್ನೇ ಹಿಡಿಯುವುದಿಲ್ಲ. ಯೆಜ್ಡಿಯ ಚೈನಿಗೆ ಪೂರ್ತಿ ಮುಚ್ಚಳವಿದೆ. ನಮ್ಮ ಕೆಸರಿಗೆಂದೇ ಮಾಡಿದಂತಿದೆ.

ಎಣ್ಣೆಯ ಲೆಕ್ಕ ಮೊಮ್ಮಗಳದು. ಅವಳು ಎಂಟನೇ ತರಗತಿ. ಇದು ಟೂ-ಸ್ಟ್ರೋಕ್ ಎಂಜಿನ್, ಪೆಟ್ರೋಲಿನ ಜೊತೆಗೇ ಎಣ್ಣೆ ಬೆರೆಸಬೇಕು. 25 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆ. ಹಾಗಾದರೆ 3 ಲೀಟರಿಗೆ ಎಷ್ಟು? ಅವಳು ಬಾಯಲ್ಲೇ ಹೇಳುತ್ತಾಳೆ: “120 ಮಿ.ಲೀ., ಅಜ್ಜಾ.” ಎಣ್ಣೆ ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಹೊಗೆ. ಲೆಕ್ಕ ಸರಿಯಿದ್ದರೂ ಒಂದಿಷ್ಟು ಹೊಗೆ ಬಂದೇ ಬರುತ್ತದೆ. ಅದಕ್ಕೇ ನಾನು ವಾರಕ್ಕೊಂದು ಸುತ್ತು ಮಾತ್ರ ಹೊಡೆಯುತ್ತೇನೆ, ಉಳಿದ ದಿನ ಬಸ್ಸು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ. ಅದು ತೇವವನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನೂ ಕೆಡಿಸುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಟ್ಯಾಂಕಿನಲ್ಲಿ ವಾರಗಟ್ಟಲೆ ಪೆಟ್ರೋಲ್ ಬಿಡುವುದಿಲ್ಲ, ಪೈಪನ್ನು ಆಗಾಗ ಬದಲಿಸುತ್ತೇನೆ. ಬಿಡಿಭಾಗಕ್ಕೆ ಮೈಸೂರು ಅಥವಾ ಬೆಂಗಳೂರಿನ ಜೆ.ಸಿ. ರಸ್ತೆ. ಖರ್ಚಿಗೆಲ್ಲ ಒಂದು ಲೆಡ್ಜರ್ ಇದೆ, ಬಿ.ಕಾಂ. ಓದಿದ್ದು ಸುಮ್ಮನೆ ಹೋಗಬಾರದಲ್ಲ! ಜಮಾ ಬದಿ ಮಾತ್ರ 1989ರಿಂದಲೂ ಖಾಲಿ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣನ ಮೊಮ್ಮಗ ರಜೆಗೆ ಬಂದಾಗಲೆಲ್ಲ ಗೋಡೆಯ ಮೇಲಿನ ಫೋರ್ಕನ್ನೇ ನೋಡುತ್ತಾನೆ. “ಹೊಸ ವೆಲ್ಡಿಂಗ್ ಮಾಡಿಸಿ ಪುನಃ ಚಾಪರ್ ಮಾಡೋಣ ಚಿಕ್ಕಜ್ಜ, ಖರ್ಚು ನನ್ನದು” ಎನ್ನುತ್ತಾನೆ. ಅವನ ಆಸೆ ನನಗೆ ಅರ್ಥವಾಗುತ್ತದೆ, ಆ ಒನಪು ಬೇರೆಯೇ. ಆದರೆ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯಿದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕಾನೂನಿನ ಮಾತಿಗಿಂತ ಹೆಚ್ಚಾಗಿ ಅವನನ್ನು ಸುಮ್ಮನಾಗಿಸಿದ್ದು ಆ ಕಂದು ಗೆರೆ. ಭೂತಗನ್ನಡಿ ಕೊಟ್ಟು ತೋರಿಸಿದೆ. ತುಂಬ ಹೊತ್ತು ನೋಡಿದ.

ಈ ವರ್ಷ ಗಾಡಿಗೆ 50 ತುಂಬಿತು. ಅದರೊಂದಿಗೆ ಇನ್ನೊಂದು ಪ್ರಶ್ನೆ ಎದ್ದಿತು. 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದೆಂಬ ನಿಯಮ 2021ರಲ್ಲಿ ಬಂದಿದೆ. ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ ಸಲ್ಲುತ್ತದೆ, ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಗೌರವದ ಅಕ್ಷರ. ಗೋಣಿಚೀಲವನ್ನು ಬಿಸಾಡದೆ ಇಟ್ಟದ್ದಕ್ಕೆ ನಮಗೂ ಆ ಬಾಗಿಲು ತೆರೆದಿದೆ. ಆದರೆ ವಿಂಟೇಜ್ ಆದ ಮೇಲೆ ದಿನನಿತ್ಯದ ಓಡಾಟಕ್ಕಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಯಬಹುದು. ಸಾಮಾನ್ಯ ನೋಂದಣಿಯಾದರೆ 5 ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು, ಓಡಿಸುವುದಕ್ಕೆ ಅಡ್ಡಿಯಿಲ್ಲ.

ಮನೆಯಲ್ಲಿ ಚರ್ಚೆಯಾಯಿತು. “ವಿಂಟೇಜ್ ಮಾಡಿಸಿ ಒಳಗಿಡಿ, ನಿಮಗೂ 73 ಆಯಿತು” ಎಂದಳು ಹೆಂಡತಿ. ಮಾತು ಸುಳ್ಳಲ್ಲ, ಕಿಕ್ ಹೊಡೆಯುವಾಗ ಮೊಣಕಾಲು ಅದನ್ನೇ ಹೇಳುತ್ತದೆ. ಆದರೂ ನಾನು ಸಾಮಾನ್ಯ ನವೀಕರಣವನ್ನೇ ಮಾಡಿಸಿದೆ. ಓಡದ ಎಂಜಿನ್ ಕಡಲ ಗಾಳಿಯಲ್ಲಿ ಬೇಗ ಸಾಯುತ್ತದೆ ಎಂಬುದು ಒಂದು ಕಾರಣ. ಇನ್ನೊಂದು, ಮುಂದಿನ ನವೀಕರಣದ ಹೊತ್ತಿಗೆ ನನಗೆ 78, ಮೊಮ್ಮಗಳಿಗೆ 18. ಲೈಸೆನ್ಸ್ ಮಾಡಿಸುವ ವಯಸ್ಸು. ಓಡಿಸುವುದೋ ವಿಂಟೇಜ್ ಮಾಡಿಸುವುದೋ ಎಂದು ಆಗ ಅವಳೇ ತೀರ್ಮಾನಿಸಲಿ. ಅಲ್ಲಿಯವರೆಗೆ ಅವಳು ಬಿಚ್ಚಿ ಜೋಡಿಸುವುದನ್ನು ಕಲಿಯುತ್ತಿದ್ದಾಳೆ. ಕಾರ್ಬ್ಯುರೇಟರ್ ಬಂದಿದೆ, ಕ್ಲಚ್ ಪ್ಲೇಟ್ ಬಾಕಿ.

ನೀವು ಮಂಗಳೂರಿಗೆ ಬಂದರೆ ಭಾನುವಾರ ಬೆಳಗ್ಗೆ ಬೋಳೂರಿನ ಸುಲ್ತಾನ್ ಬತ್ತೇರಿಗೆ ಬನ್ನಿ. ಟಿಪ್ಪು ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಬುರುಜು ಅದು, ಎದುರಿಗೆ ಗುರುಪುರ ಹೊಳೆ, ಆಚೆ ದಡ ತಣ್ಣೀರುಬಾವಿ. ಬುರುಜಿನ ನೆರಳಲ್ಲಿ ಎರಡು ಸೈಲೆನ್ಸರಿನ ಹಳೆಯ ಗಾಡಿ ನಿಂತಿದ್ದರೆ ಅದು ನಮ್ಮದೇ. ಮಕ್ಕಳು ಹತ್ತಿ ಕೂರಬಹುದು, ಸೈಲೆನ್ಸರ್ ಬಿಸಿಯಿರುತ್ತದೆ, ಕಾಲು ಮಾತ್ರ ಜೋಪಾನ.