ಕಾರಿನ ಬೀಗಕ್ಕೆ ಕೊಬ್ಬರಿ ಎಣ್ಣೆಯೇ?

ಕಾರಿನ ಇಗ್ನಿಷನ್‌ನಲ್ಲಿ ಕೀ ತಿರುಗಲು ಮೊಂಡಾಟ ಹೂಡಿದಾಗ ಇವರು ಕೊಬ್ಬರಿ ಎಣ್ಣೆ ಬಟ್ಟಲು ಹಿಡಿದು ಬಂದರು. ಬೇಡವೆಂದೆ. ಅತ್ತೆಯವರನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕರೆದೊಯ್ಯುವವಳು ನಾನು. ಬೆಳಗಿನ ಆರಕ್ಕೆ ಗಾಡಿ ಹೊರಡದಿದ್ದರೆ ಗತಿಯೇನು ಹೇಳಿ!

ಎಣ್ಣೆಗೆ ಧೂಳು ಮೆತ್ತಿ ಅಂಟಾಗುತ್ತೆ. ಕೊಬ್ಬರಿ ಎಣ್ಣೆಯಂತೂ ಚಳಿಗೆ, ಸುಮಾರು 24 ಡಿಗ್ರಿಗಿಂತ ಕೆಳಗೆ, ಹೆಪ್ಪುಗಟ್ಟುತ್ತೆ. ಬೀಗದೊಳಗಿನ ಪುಟ್ಟ ಬಿಲ್ಲೆಗಳು ಸರಾಗವಾಗಿ ಆಡಬೇಕಲ್ಲ? ಗ್ರಾಫೈಟ್ ಪುಡಿ ಒಣದೇನೋ ಹೌದು, ಆದರೆ ಅದರಲ್ಲಿ ಕರೆಂಟು ಹರಿಯುತ್ತೆ; ಬೀಗದ ಹಿಂದೆಯೇ ಸ್ವಿಚ್ಚು! ಕೊನೆಗೆ ಒಣಗಿ ನಿಲ್ಲುವ ಪಿಟಿಎಫ್‌ಇ ಸ್ಪ್ರೇ ತರಿಸಿದೆ. ನಮ್ಮ ನಾನ್‌ಸ್ಟಿಕ್ ಕಾವಲಿಯ ಲೇಪನವೂ ಅದೇ ಕಣ್ರೀ. ಒಂದೇ ಚಿಮ್ಮು ಸಾಕು. ಕೀ ಹತ್ತು ಸಲ ಹಾಕಿ ತೆಗೆದು, ಕೊಳೆ ಒರೆಸಿ, ಆರಲು ಬಿಟ್ಟೆ.

ಸ್ಟೀರಿಂಗ್ ಲಾಕ್ ಬಿದ್ದಿದ್ದರೂ ಕೀ ತಿರುಗದು. ಸ್ಟೀರಿಂಗನ್ನು ತುಸು ಅತ್ತಿತ್ತ ಅಲುಗಿಸಿ, ಎರಡನೇ ಕೀಯನ್ನೂ ಹಾಕಿ ನೋಡಿ, ಆಮೇಲೆ ಅಂಗಡಿಗೆ ಹೋಗಿ.